ವಾರಕ್ಕೆ ಎಂಟು

ಸೆಪ್ಟೆಂಬರ್ 1, ಸೋಮವಾರ

ಕೆಲಸ ಸಿಕ್ಕಿತು. ಐವತ್ತೊಂದನೆಯ ವಯಸ್ಸಿನಲ್ಲಿ ವಿಡಿಯೋ ಗೇಮ್ ಮೆಷಿನ್ ಮಾರುವ ಕೆಲಸ. ಕೇಳಿದವರು ನಗುತ್ತಾರೆ, ನಗಲಿ. ನಾನೇ ನಕ್ಕೆ. ಹತ್ತೊಂಬತ್ತು ವರ್ಷ ಹೊಲಿಗೆ ಮೆಷಿನ್ ಷೋರೂಮಿನಲ್ಲಿ ನಿಂತು ಗಿರಾಕಿಗಳಿಗೆ ಹೊಲಿಗೆ ಹಾಕಿ ತೋರಿಸಿದವಳು. ಅದು ಮುಚ್ಚಿ ಏಳು ತಿಂಗಳಾಯಿತು.

ಏರಿಯಾ ಆಫೀಸರ್ ನನ್ನ ಅರ್ಜಿ ನೋಡಿ, "ಮೇಡಂ, ನಿಮಗೆ ಗೇಮ್ ಆಡೋಕೆ ಬರುತ್ತಾ?" ಎಂದರು. "ಬರಲ್ಲ ಸರ್. ಆದ್ರೆ ಬರದೇ ಇರೋರಿಗೆ ಹೇಳಿಕೊಡೋಕೆ ಬರುತ್ತೆ" ಎಂದೆ. ಆ ಒಂದು ಮಾತಿಗೇ ಕೆಲಸ ಕೊಟ್ಟರಂತೆ.

ಮುಖ್ಯವಾದದ್ದನ್ನು ಮೊದಲು ಬರೆದಿಡುತ್ತೇನೆ. ತೊಂಬತ್ತು ದಿನ ಕೆಲಸದಲ್ಲಿದ್ದರೆ ಕಂಪನಿಯ ಆರೋಗ್ಯ ವಿಮೆ ಗಂಡನಿಗೂ ಅನ್ವಯವಾಗುತ್ತದೆ. ಆಮೇಲೆ ಕೆಲಸ ಇರಲಿ ಹೋಗಲಿ, ವರ್ಷಪೂರ್ತಿ ನಡೆಯುತ್ತದೆ. ತೊಂಬತ್ತನೆಯ ದಿನ ನವೆಂಬರ್ 29.

ಇವರು ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವರು. ಎಡಗಣ್ಣು ಸೋಂಕಿಗೆ ಹೋಗಿ ನಾಲ್ಕು ವರ್ಷವಾಯಿತು. ಈಗ ಬಲಗಣ್ಣಿನ ಕಾರ್ನಿಯಾ ದಿನದಿನಕ್ಕೆ ಬಿಳಿಚಿಕೊಳ್ಳುತ್ತಿದೆ. ದಾನದ ಕಾರ್ನಿಯಾಕ್ಕೆ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೇವೆ. ಡಿಸೆಂಬರ್ ಹೊತ್ತಿಗೆ ಸರದಿ ಬರಬಹುದು ಎಂದಿದ್ದಾರೆ. ಆಗ ವಿಮೆಯ ಕಾಗದ ಕೈಯಲ್ಲಿಲ್ಲದಿದ್ದರೆ ಸರದಿ ಹಿಂದಿನವರಿಗೆ ಹೋಗುತ್ತದೆ.

ಸುದ್ದಿ ಹೇಳಿದಾಗ ಇವರು, "ಅಂತೂ ಈ ವಯಸ್ಸಲ್ಲಿ ಆಟ ಶುರು ಮಾಡ್ದೆ ಅನ್ನು" ಎಂದು ನಕ್ಕರು. ನಗುತ್ತ ನನ್ನ ಮುಖ ಎಂದುಕೊಂಡು ಗೋಡೆಯ ಕಡೆ ನೋಡಿದರು.

ಸೆಪ್ಟೆಂಬರ್ 5, ಶುಕ್ರವಾರ

ಇವತ್ತು ಮೆಷಿನ್ ಬಿಡುಗಡೆಯಾಯಿತು. ಬೆಳಗ್ಗೆ ಏಳಕ್ಕೇ ಅಂಗಡಿಯ ಮುಂದೆ ಸಾಲು! ಮೊದಲು ನಿಂತಿದ್ದವಳು ಒಬ್ಬ ನರ್ಸ್, ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು. ಅವಳ ಹಿಂದೆ ಮಡಚುವ ಸ್ಟೂಲ್ ತಂದುಕೊಂಡ ಅಪ್ಪ, ಮಗಳು. ಮಗಳ ಕೈಯಲ್ಲಿ ಹುಂಡಿ ಡಬ್ಬಿ ಇತ್ತು, ಅವಳ ಪಾಲಿನದಂತೆ. ಇನ್ನೊಬ್ಬ ಮದುಮಗ, ನಾಳೆ ಮದುವೆ ಇಟ್ಟುಕೊಂಡು ಬಂದಿದ್ದ. "ಮದುವೆ ಆದ್ಮೇಲೆ ಕೇಳಿದ್ರೆ ಸಿಗಲ್ಲ ಮೇಡಂ" ಎಂದ.

ನನ್ನ ಸ್ಟಾಲು ಎರಡನೇ ಮಹಡಿಯಲ್ಲಿ, ವಾಷಿಂಗ್ ಮೆಷಿನ್ ಸಾಲು ಮುಗಿದು ಟಿವಿಗಳ ಗೋಡೆ ಶುರುವಾಗುವ ಮೂಲೆಯಲ್ಲಿದೆ. ಒಂದು ದೊಡ್ಡ ಪರದೆ, ಕೈಯಲ್ಲಿ ಹಿಡಿದು ಗುಂಡಿ ಒತ್ತಿ ಆಡಲು ವೈರಿನಿಂದ ಕಟ್ಟಿಹಾಕಿದ ಎರಡು ಕಂಟ್ರೋಲರ್, ಗಿರಾಕಿಗಳಿಗೆ ಒಂದು ಸ್ಟೂಲ್. ಒಬ್ಬಾಕೆ ನಾಲ್ಕು ವರ್ಷದ ಮಗನಿಗೆ ಬೇಕು ಎಂದಳು. "ಅಮ್ಮಾ, ಈ ಕಂಟ್ರೋಲರ್ ಅವನ ಕೈಗೆ ಹಿಡಿಯಲ್ಲ. ಎರಡು ವರ್ಷ ಬಿಟ್ಟು ಬನ್ನಿ, ಆಗ್ಲೂ ಇದು ಇರುತ್ತೆ" ಎಂದು ಕಳಿಸಿದೆ. ಹೊಲಿಗೆ ಮೆಷಿನ್ ಮಾರುವಾಗಲೂ ಹಾಗೇ ಮಾಡುತ್ತಿದ್ದೆ. ಬೇಡದವರ ತಲೆಗೆ ಕಟ್ಟುವುದು ನನ್ನ ಜಾಯಮಾನವೇ ಅಲ್ಲ.

ಇವತ್ತೊಂದೇ ದಿನ ನಲವತ್ತೊಂದು. ಸಂಜೆ ನಾಲ್ಕಕ್ಕೆ ಸರಕೇ ಮುಗಿಯಿತು.

ಸೆಪ್ಟೆಂಬರ್ 15, ಸೋಮವಾರ

ಹೋದ ವಾರ ಮೂವತ್ತೆಂಟು ಮಾರಿದೆ ಎಂದು ಹಿಗ್ಗಿಕೊಂಡು ಹೋದರೆ ಏರಿಯಾ ಆಫೀಸರ್ ಮುಖದಲ್ಲಿ ನಗುವೇ ಇಲ್ಲ.

"ಮೊದಲ ಎರಡು ವಾರ ಬಾಗಿಲು ತೆಗೆದಿಟ್ರೆ ಸಾಕು, ಮಾರಾಟ ಆಗುತ್ತೆ ಮೇಡಂ. ಕಾದು ಕೂತಿದ್ದವರು ತಗೊಂಡು ಹೋದ್ರು. ಇನ್ನು ಕಾಯದೇ ಇದ್ದವರನ್ನ ಕರೀಬೇಕು. ನಿಜವಾದ ಕೆಲಸ ಇನ್ಮೇಲೆ."

ಆಮೇಲೆ ನಿಯಮ ಓದಿದರು. ಒಂದು ಸ್ಟಾಲು ವಾರಕ್ಕೆ ಎಂಟು ಮೆಷಿನ್ ಮಾರಲೇಬೇಕು. ಸತತ ಎರಡು ವಾರ ಎಂಟಕ್ಕಿಂತ ಕಡಿಮೆಯಾದರೆ ಸೋಮವಾರ ಬೆಳಗ್ಗೆ ಸ್ಟಾಲು ಬಿಚ್ಚುತ್ತಾರೆ, ಅದರ ಜೊತೆ ನಾವೂ ಮನೆಗೆ. ವಾರ ಮುಗಿಯುವುದು ಭಾನುವಾರಕ್ಕೆ.

ಎಂಟು ಯಾವ ಮಹಾ! ಮೂವತ್ತೆಂಟು ಮಾರಿದವಳಿಗೆ.

ಸೆಪ್ಟೆಂಬರ್ 28, ಭಾನುವಾರ

ಈ ವಾರ ಹದಿನೈದು. ಹೋದ ವಾರ ಇಪ್ಪತ್ತೆರಡಿತ್ತು.

ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಎಷ್ಟು ಆಟ ಇದೆ?" ಮೂರು. ಮೊಲ ಜಿಗಿಯುವುದು ಒಂದು, ಕಾರಿನ ರೇಸು ಒಂದು, ಬೆಟ್ಟಗಳ ನಡುವೆ ಸೇತುವೆ ಕಟ್ಟುವುದು ಒಂದು. ನಾಲ್ಕನೆಯದು, ಎಲ್ಲರೂ ಕಾಯುತ್ತಿರುವ ದೊಡ್ಡ ಆಟ, ಮುಂದಿನ ತಿಂಗಳು ಬರುತ್ತದೆ. ಸ್ಟಾಲಿನ ಮೇಲೆ ಅದರದ್ದೇ ಪೋಸ್ಟರ್. "ಅದು ಬರ್ಲಿ, ಆಮೇಲೆ ನೋಡೋಣ" ಎಂದು ಹೋಗಿಬಿಡುತ್ತಾರೆ.

ಎದುರು ಸ್ಟಾಲು ಬೇರೆ ಕಂಪನಿಯದು. ಅವರ ಮೆಷಿನ್ ಹಳೆಯದಾದರೂ ಕಪಾಟು ತುಂಬ ಆಟಗಳಿವೆ. ಅಲ್ಲಿ ನಿಲ್ಲುವವಳಿಗೆ ಅಂಗಡಿಯವರೆಲ್ಲ ಗಿಳಿ ಎನ್ನುತ್ತಾರೆ. ಕಲಿಸಿದ್ದನ್ನು ಬೆಳಗ್ಗಿಂದ ಸಂಜೆವರೆಗೆ ಒಂದೇ ರಾಗದಲ್ಲಿ ಹೇಳುತ್ತಾಳೆ. ಇವತ್ತು ಯಾರಿಗೋ "ಇದನ್ನ ಆಡಿದ್ರೆ ಮಕ್ಕಳ ಬುದ್ಧಿ ಚುರುಕಾಗುತ್ತೆ ಅಂತ ಡಾಕ್ಟ್ರೇ ಹೇಳಿದ್ದಾರೆ" ಎನ್ನುತ್ತಿದ್ದಳು. ಊಟದ ಹೊತ್ತಿಗೆ ಕೇಳಿದೆ, "ಯಾವ ಡಾಕ್ಟ್ರಮ್ಮ?" "ಅಯ್ಯೋ ಅಕ್ಕ, ಯಾವನೋ ಒಬ್ಬ ಹೇಳಿರ್ತಾನೆ ಬಿಡಿ." ಇಂಥವರಿಂದಲೇ ಮಾರುವವರಿಗೆಲ್ಲ ಕೆಟ್ಟ ಹೆಸರು.

ಅಕ್ಟೋಬರ್ 7, ಮಂಗಳವಾರ

ದೊಡ್ಡ ಆಟ ಮುಂದಿನ ವರ್ಷಕ್ಕೆ ಹೋಯಿತು. ಬೆಳಗ್ಗೆ ಇಬ್ಬರು ಬಂದು ಪೋಸ್ಟರ್ ಕಿತ್ತರು. ಅಂಟಿನ ಗುರುತು ಹೋಗಲಿಲ್ಲ, ನಾನೇ ಸೀಮೆಎಣ್ಣೆ ಹಚ್ಚಿ ಉಜ್ಜಿದೆ.

ಮನೆಯಲ್ಲಿ ಹೇಳಿದಾಗ ಇವರು, "ಚಕ್ರ ಬರೋಕ್ಮುಂಚೆ ಬಸ್ಸು ಡಿಪೋದಿಂದ ಆಚೆ ತಂದು ಪ್ಯಾಸೆಂಜರ್ ಹತ್ತಿಸ್ಕೊಂಡಂಗಾಯ್ತು" ಎಂದರು. ನನಗೆ ನಗು ಬರಲಿಲ್ಲ. ಹೋದ ವಾರ ಹನ್ನೊಂದಕ್ಕೆ ಇಳಿದಿತ್ತು. ಈ ವಾರ ಎರಡು ದಿನಕ್ಕೆ ಒಂದು.

ಅಕ್ಟೋಬರ್ 12, ಭಾನುವಾರ

ಎಂಟು! ಕೊನೆಯ ಗಳಿಗೆಯಲ್ಲಿ ಎಂಟು. ಹೇಗಾಯಿತೆಂದು ಬರೆಯುತ್ತೇನೆ.

ಮಧ್ಯಾಹ್ನ ಮೂರರವರೆಗೆ ಏಳರಲ್ಲೇ ನಿಂತಿತ್ತು. ಆಗ ಟೇಬಲ್ ಫ್ಯಾನ್ ಕೊಳ್ಳಲು ಬಂದ ವಯಸ್ಸಾದವರೊಬ್ಬರು ದಾರಿ ತಪ್ಪಿ ನನ್ನ ಸ್ಟಾಲಿನ ಮುಂದೆ ನಿಂತರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸೇತುವೆಯ ಆಟ ನಡೆಯುತ್ತಿತ್ತು. ಐದು ನಿಮಿಷ ಅಲುಗಾಡದೆ ನೋಡಿದರು.

"ಈ ನದಿ ತಪ್ಪು" ಎಂದರು.

"ಏನು ಸರ್?"

"ಬೆಟ್ಟದ ಇಳಿಜಾರು ಆ ಕಡೆಗಿದೆ. ನೀರು ಈ ಕಡೆ ಹರಿಯೋಕೆ ಸಾಧ್ಯಾನೇ ಇಲ್ಲ. ನಾನು ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿದ್ದೆ, ಭೂಮಿ ಅಳೆದವನು."

ಸ್ಟೂಲ್ ಮೇಲೆ ಕೂರಿಸಿದೆ. ಕಂಟ್ರೋಲರ್ ಕೈಗೆ ಕೊಟ್ಟೆ. ಮೊದಲನೇ ಸೇತುವೆ ನಿಲ್ಲಿಸಿದರು. ಒಳ್ಳೆಯವರು. ಫ್ಯಾನಿಗೆ ಬಂದವರು. ಅವರಿಗೆ ಇದು ಬೇಡ ಎಂದು ನನಗೆ ಗೊತ್ತಿತ್ತು. ಗಡಿಯಾರ ನೋಡಿದೆ.

"ಮನೇಲಿ ಇದೊಂದು ಇದ್ರೆ ಮೊಮ್ಮಕ್ಕಳು ಭಾನುವಾರ ಆಯ್ತು ಅಂದ್ರೆ ಓಡಿ ಬರ್ತಾರೆ ಸರ್. ನೀವು ಕರೆಯೋದೇ ಬೇಡ. ಮಧ್ಯಾಹ್ನ ಬಾಗಿಲು ದಬದಬ ಬಡೀತಾರೆ, ಇದು ನನ್ನದು ತನ್ನದು ಅಂತ ಕಿತ್ತಾಡ್ತಾರೆ, ಸಂಜೆ ಕಳಿಸೋದೇ ಕಷ್ಟ ಆಗುತ್ತೆ. ತಾತನೂ ಒಂದು ಕೈ ಆಡಿದ್ರೆ ಮುಗೀತು, ಮನೆ ತುಂಬಿಹೋಗುತ್ತೆ."

ಅವರು ಕಂಟ್ರೋಲರ್ ಹಿಡಿದುಕೊಂಡೇ ನನ್ನನ್ನು ನೋಡಿದರು. "ಓಡಿ ಬರ್ತಾರಾ?"

"ಬರದೇ ಎಲ್ಲಿ ಹೋಗ್ತಾರೆ ಸರ್?"

ತಗೊಂಡರು. ಎರಡು ಕಂಟ್ರೋಲರ್ ಇರುವುದನ್ನೇ ತಗೊಂಡರು. ವಾರಂಟಿ ಕಾರ್ಡಿನಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಮುತ್ತಿನಂಥ ಅಕ್ಷರದಲ್ಲಿ ತುಂಬಿಸಿದರು. ಸುಳ್ಳೇನೂ ಹೇಳಲಿಲ್ಲ ನಾನು. ಮಕ್ಕಳಿಗೆ ಆಟ ಇಷ್ಟ ಇರುವುದು ನಿಜ ತಾನೆ?

ಅಕ್ಟೋಬರ್ 16, ಗುರುವಾರ

ಬೆಳಗ್ಗೆ ಹನ್ನೊಂದಕ್ಕೆ ಸರ್ವೇಯರ್ ಮತ್ತೆ ಬಂದರು. ವಾಪಸ್ ಮಾಡಲು ಬಂದರೇನೋ ಎಂದು ನೋಡಿದೆ. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ.

"ಬಂದ್ರಾ ಸರ್, ಮೊಮ್ಮಕ್ಕಳು?" ಎಂದೆ.

ಜೇಬಿನ ಪೆನ್ನು ಸರಿಮಾಡಿಕೊಂಡು, "ಬಂದ್ರು ಬಂದ್ರು" ಎಂದರು. "ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗಂಗೆ ಆತುರ ಜಾಸ್ತಿ. ಹುಡುಗಿ ಯೋಚನೆ ಮಾಡಿ ಆಡ್ತಾಳೆ."

ಹೊಟ್ಟೆ ತಣ್ಣಗಾಯಿತು. ನೋಡು, ಅವತ್ತು ಎಷ್ಟು ಅಳುಕಿದ್ದೆ. ಒಂದು ಮನೆಗೆ ಒಳ್ಳೆಯದೇ ಆಯಿತಲ್ಲ. ಮೂರನೇ ಸೇತುವೆ ಕುಸಿಯುತ್ತಿದೆಯಂತೆ, ಹೇಳಿಕೊಟ್ಟೆ. ಒಂದು ಗಂಟೆ ಕೂತಿದ್ದು ಹೋದರು.

ಅಕ್ಟೋಬರ್ 19, ಭಾನುವಾರ

ಆರು. ಎಂಟಕ್ಕಿಂತ ಕೆಳಗೆ ಹೋದ ಮೊದಲ ವಾರ. ಇನ್ನೊಂದು ವಾರ ಹೀಗಾದರೆ ಮುಗಿಯಿತು.

ಇವರು ಇವತ್ತು ನೀರು ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಸುರಿದರು. ಮೇಜಿನ ಅಂಚಿನಿಂದ ನೀರು ಕಾಲ ಮೇಲೆ ಬಿದ್ದ ಮೇಲೇ ಅವರಿಗೆ ಗೊತ್ತಾದದ್ದು. "ಲೋಟಾನೇ ಜರುಗಿತು ಕಣೇ" ಎಂದರು.

ಅಕ್ಟೋಬರ್ 26, ಭಾನುವಾರ

ಒಂಬತ್ತು! ಬದುಕಿದೆ.

ಈಗ ನನಗೆ ಮಾತಾಡುವ ಬಗೆ ಗೊತ್ತಾಗಿದೆ. ಸರ್ವೇಯರ್ ಮನೆಯ ಕಥೆ ಹೇಳುತ್ತೇನೆ. ತಾತನ ಮನೆಗೆ ಕಾಲಿಡದಿದ್ದ ಮೊಮ್ಮಕ್ಕಳು ಈಗ ಪ್ರತಿ ಭಾನುವಾರ ಬರುತ್ತಾರೆ ಎಂದರೆ ಅಜ್ಜ ಅಜ್ಜಿಯರ ಮುಖ ಅರಳುತ್ತದೆ. ಕಟ್ಟುಕಥೆಯಲ್ಲ, ನಡೆದದ್ದೇ. ಹಾಗೆ ಮೂರು ಹೋಯಿತು. ಲೆಕ್ಕದಲ್ಲಿ ಹಿಂದಿರುವ ಮಗಳ ತಾಯಿ ಒಬ್ಬಳು ಬಂದಿದ್ದಳು. ಸೇತುವೆಯ ಆಟದಿಂದ ಲೆಕ್ಕ ಸುಧಾರಿಸುತ್ತದೆ ಎಂದೆ. ಸುಧಾರಿಸಲೂಬಹುದು, ಅದರಲ್ಲಿ ಅಳತೆ ಎಲ್ಲ ಇದೆಯಲ್ಲ. ಏಳನೆಯದು ಹಾಗೆ. ಎಂಟನೆಯದು ಸಂಜೆ ಬಂತು, ಜಾಸ್ತಿ ಹೇಳಿಸಿಕೊಳ್ಳದೆ ಹೋಯಿತು. ಒಂಬತ್ತನೆಯದಕ್ಕೆ ಮೈಯೆಲ್ಲ ಅನುಮಾನ. ಹೆಂಡತಿಗೆ ಹೇಳದೆ ಬಂದಿತ್ತು. ಹೇಗೋ ದಾಟಿಸಿದೆ.

ಗಿಳಿ ಎದುರಿನಿಂದ ನೋಡುತ್ತಿದ್ದು, "ಅಕ್ಕಾ, ನನ್ನ ಗಿರಾಕಿಗಳನ್ನೂ ಎಳ್ಕೋತಿದ್ದೀರಲ್ಲ!" ಎಂದಳು. ಹೊಗಳಿಕೆ ಎಂದೇ ತಗೊಂಡೆ.

ಅಕ್ಟೋಬರ್ 30, ಗುರುವಾರ

ಸರ್ವೇಯರ್ ಬಂದಿದ್ದರು. ಗುರುವಾರ ಹನ್ನೊಂದು ಎಂದರೆ ಹನ್ನೊಂದೇ. ಹುಡುಗಿ ಈ ವಾರ ಗೆದ್ದಳಂತೆ, ಹುಡುಗ ಮುನಿಸಿಕೊಂಡು ಮೂಲೆಗೆ ಹೋಗಿ ಕೂತನಂತೆ. ತಾತನೇ ಸಮಾಧಾನ ಮಾಡಿದರಂತೆ. ಮೊದಲಾಗಿದ್ದರೆ ಕೇಳುತ್ತಿದ್ದೆ. ಇವತ್ತು ಒಂದು ಗಂಟೆ ಇರುವ ಒಂದೇ ಸ್ಟೂಲ್ ಹಿಡಿದು ಕೂತರು, ಗಿರಾಕಿಗಳು ನಿಂತೇ ನೋಡಿ ನಿಂತೇ ಹೋದರು. ಏಳಿ ಎನ್ನಲು ಬಾಯಿ ಬರಲಿಲ್ಲ. ನಾಲ್ಕು ದಿನಕ್ಕೆ ಎರಡೇ.

ನವೆಂಬರ್ 2, ಭಾನುವಾರ

ಐದು.

ನವೆಂಬರ್ 9, ಭಾನುವಾರ

ಏಳಕ್ಕೆ ನಿಂತಿತು. ಇವತ್ತೇ ಕೊನೆಯ ದಿನ. ನನ್ನ ತಂಗಿಗೆ ಫೋನ್ ಮಾಡಿದೆ. "ಈಗ ಬಂದು ಒಂದು ತಗೊಂಡು ಹೋಗು, ನಾಳೆ ಬಿಚ್ಚದೆ ವಾಪಸ್ ಕೊಡು. ದುಡ್ಡು ಪೂರ್ತಿ ಬರುತ್ತೆ" ಎಂದೆ. ಬಂದಳು. ಬಿಲ್ಲು ಮಾಡಿಸುವಾಗ ನನ್ನ ಕಡೆ ನೋಡುತ್ತಲೇ ಇದ್ದಳು.

"ಅಕ್ಕ, ನೀನು ಊಟ ಮಾಡಿದ್ಯಾ?"

"ಮಾಡಿದೆ."

"ಡಬ್ಬಿ ಇಲ್ಲೇ ಇದೆಯಲ್ಲ, ಭಾರ ಇದೆ."

ಸ್ಟಾಲು ಬಿಟ್ಟು ಊಟಕ್ಕೆ ಹೋದಾಗಲೇ ಬಂದ ಗಿರಾಕಿ ಹೋಗಿಬಿಟ್ಟರೆ? ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಎಂಟಾಯಿತು. ಇನ್ನು ಇಪ್ಪತ್ತು ದಿನ.

ನವೆಂಬರ್ 12, ಬುಧವಾರ

ಆಫೀಸರ್ ಬಂದು ಸ್ಟಾಲಿನ ಹಿಂದಕ್ಕೆ ಕರೆದರು. "ಮೇಡಂ, ಭಾನುವಾರ ಹೋದ ಮೆಷಿನ್ ಸೋಮವಾರ ಸೀಲ್ ಒಡೀದೆ ವಾಪಸ್ ಬಂದಿದೆ. ಬೇರೆ ಊರುಗಳಲ್ಲೂ ಇದೇ ನಡೀತಿದೆ. ಹೋದ ವಾರದ್ದು ಬಿಟ್ಟುಬಿಡ್ತೀನಿ. ಇನ್ಮೇಲೆ ವಾಪಸ್ ಬಂದದ್ದನ್ನ ಆ ವಾರದ ಮಾರಾಟದಲ್ಲಿ ಕಳೀತೀವಿ."

"ನನಗೆ ಇಪ್ಪತ್ತೊಂಬತ್ತನೇ ತಾರೀಖಿನವರೆಗೆ ಇದ್ರೆ ಸಾಕು ಸರ್" ಎಂದುಬಿಟ್ಟೆ. ಯಾಕೆ ಎಂದು ಕೇಳಲಿಲ್ಲ. ಅವರ ಕಣ್ಣೂ ಕೆಂಪಗಿತ್ತು. "ಎಲ್ಲರಿಗೂ ಒಂದೊಂದು ತಾರೀಖಿದೆ ಮೇಡಂ" ಎಂದು ಹೋದರು.

ನವೆಂಬರ್ 16, ಭಾನುವಾರ

ಐದು. ಬರುವ ಭಾನುವಾರದೊಳಗೆ ಎಂಟು ಆಗಲೇಬೇಕು. ಎಂಟಾದರೆ ಇಪ್ಪತ್ತೊಂಬತ್ತು ದಾಟಬಹುದು. ಆಗದಿದ್ದರೆ ಇಪ್ಪತ್ನಾಲ್ಕಕ್ಕೆ ಸ್ಟಾಲು ಬಿಚ್ಚುತ್ತಾರೆ. ಎಂಬತ್ತೈದನೆಯ ದಿನಕ್ಕೆ.

ಇವರು ಈಗ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಾರೆ. ಕೈ ಹಿಡಿಯಲು ಹೋದರೆ, "ಬಿಡೇ, ಈ ರೂಟು ನಂಗೆ ಬಾಯಿಪಾಠ" ಎನ್ನುತ್ತಾರೆ. ಹೊಸಿಲಿಗೆ ಎಡವಿದ ಕಾಲು ಇನ್ನೂ ಊದಿಕೊಂಡಿದೆ.

ನವೆಂಬರ್ 20, ಗುರುವಾರ

ಮೂರು ಹೋಯಿತು. ಒಂದು ಇನ್ನೇನು ಬಿಲ್ಲಿಗೆ ಹೋಗುವಾಗ ಫೋನ್ ಬಂದು ತಪ್ಪಿಸಿಕೊಂಡಿತು. ಸರ್ವೇಯರ್ ಬಂದು ಕೂತರು. ಕೆಲಸ ಇದೆ ಸರ್, ಇವತ್ತು ಆಗಲ್ಲ ಎಂದೆ. ಸ್ಟೂಲ್ ಬಿಟ್ಟು ಎದ್ದರು, ಸ್ವಲ್ಪ ಹೊತ್ತು ವಾಷಿಂಗ್ ಮೆಷಿನ್‌ಗಳ ನಡುವೆ ನಿಂತಿದ್ದು ಹೋದರು.

ನವೆಂಬರ್ 22, ಶನಿವಾರ

ಏಳು. ಲೆಕ್ಕದ ಮಗಳ ತಾಯಿ ಪೆಟ್ಟಿಗೆ ವಾಪಸ್ ತಂದಳು. ಕೊಂಡ ಮೂವತ್ತು ದಿನದೊಳಗೆ ವಾಪಸ್ ಮಾಡಬಹುದಲ್ಲ, ಅದಕ್ಕೆ. ಎಲ್ಲರ ಮುಂದೆ ಕೂಗಾಡಿದಳು. "ಪರೀಕ್ಷೆ ಹಿಂದಿನ ದಿನಾನೂ ಸೇತುವೆ ಕಟ್ತಾ ಕೂತಿದ್ಲು. ಹಿಂದೆ ಪಾಸಾದ್ರೂ ಆಗ್ತಿದ್ಲು. ನಿಮಗೂ ಮಕ್ಕಳಿದ್ದಿದ್ರೆ ಹೀಗೆ ಹೇಳ್ತಿರಲಿಲ್ಲ."

ಏಳರಲ್ಲಿ ಒಂದು ಕಳೆದು ಆರು.

ನವೆಂಬರ್ 23, ಭಾನುವಾರ

ಹತ್ತು ಗಂಟೆಗೆ ಒಂದು ಹೋಯಿತು. ಏಳು. ಆಮೇಲೆ ಯಾರೂ ಇಲ್ಲ. ಹನ್ನೆರಡು. ಒಂದು. ಎರಡೂವರೆ. ದಾರಿಯಲ್ಲಿ ಹೋಗುವವರ ಮುಂದೆಲ್ಲ ಕಂಟ್ರೋಲರ್ ಹಿಡಿದು ನಿಂತೆ. ಮುಟ್ಟಿದರೆ ಅಂಟಿಕೊಳ್ಳುತ್ತೇನೇನೋ ಎಂಬಂತೆ ಸುತ್ತಿ ಹೋದರು. ಗಿಳಿ ಪಾಪ ತನ್ನ ಗಿರಾಕಿ ಒಬ್ಬನನ್ನು ನನ್ನ ಕಡೆ ಕಳಿಸಿದಳು. ನಿಲ್ಲಲಿಲ್ಲ. ತಂಗಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ.

ವಾರಂಟಿ ಕಾರ್ಡುಗಳ ಡಬ್ಬಿ ತೆಗೆದೆ. ಸರ್ವೇಯರ್ ಕಾರ್ಡು ಹುಡುಕುವುದೇನು, ಆ ಅಕ್ಷರ ದೂರದಿಂದಲೇ ಗೊತ್ತಾಗುತ್ತದೆ. ಫೋನ್ ಮಾಡಿದೆ.

"ಸರ್, ಇವತ್ತು ಒಂದ್ಸಲ ಅಂಗಡಿಗೆ ಬರೋಕಾಗುತ್ತಾ?"

"ಬಂದೆ" ಎಂದರು. ಯಾಕೆ ಎಂದೂ ಕೇಳಲಿಲ್ಲ.

ನಾಲ್ಕೂವರೆಗೆ ಬಂದರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಅದೇ ಇಸ್ತ್ರಿ ಅಂಗಿ, ಕಾಲರಿನಲ್ಲಿ ಬೆವರು. ಇನ್ನೊಬ್ಬರ ಮನೆಗೆ ಉಡುಗೊರೆ ಕೊಡಬಹುದು ಸರ್, ಮೊಮ್ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಇದ್ದರೆ ಜಗಳ ಇರುವುದಿಲ್ಲ ಸರ್ ಎಂದೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ.

ಅವರೇ ಕೇಳಿದರು. "ಎಷ್ಟು ಬೇಕು?"

"ಒಂದು."

"ಅಷ್ಟೇನಾ?" ಎಂದು ಬಿಲ್ಲಿನ ಕೌಂಟರಿಗೆ ಹೋದರು. ವಾರಂಟಿ ಕಾರ್ಡು ತುಂಬಿಸಿದರು. ಪೆಟ್ಟಿಗೆ ಎತ್ತಿಕೊಂಡು ಎಸ್ಕಲೇಟರ್ ಇಳಿದರು. ಇಳಿಯುವಾಗ ಬೆನ್ನು ಸ್ವಲ್ಪ ವಾಲಿತ್ತು.

ಎಂಟು.

ನವೆಂಬರ್ 29, ಶನಿವಾರ

ತೊಂಬತ್ತು. ವಿಮೆಯ ಪತ್ರ ಬಂತು, ಇವರ ಹೆಸರಿದೆ. ಎರಡು ಸಲ ಓದಿ ಹೇಳಿದೆ. ಇವರು ಪತ್ರವನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಸವರಿದರು. "ಭೇಷ್ ಕಣೇ" ಎಂದರು.

ಖುಷಿಯಾಗಬೇಕಿತ್ತು. ನಿದ್ದೆ ಬಂತು.

ಡಿಸೆಂಬರ್ 1, ಸೋಮವಾರ

ಎಲ್ಲ ಊರುಗಳಲ್ಲೂ ಸ್ಟಾಲುಗಳನ್ನು ಒಟ್ಟಿಗೆ ಬಿಚ್ಚಿದರು. ಎಂಟು ಮಾರಿದ್ದರೂ ಒಂದೇ, ಎಂಬತ್ತು ಮಾರಿದ್ದರೂ ಒಂದೇ. ಫ್ಯಾಕ್ಟರಿಯಲ್ಲಿ ಹೊಸ ಮೆಷಿನ್ ಮಾಡುವುದನ್ನೇ ನಿಲ್ಲಿಸಿದ್ದಾರಂತೆ, ಗೋದಾಮಿನಲ್ಲಿರುವುದೇ ಬೆಟ್ಟದಷ್ಟಿದೆಯಂತೆ. ಏರಿಯಾ ಆಫೀಸರ್‌ಗೂ ಇವತ್ತೇ ಕೊನೆ. ಅವರು ಸ್ಕ್ರೂ ಡ್ರೈವರ್ ಹಿಡಿದು ತಾವೇ ಪರದೆ ಇಳಿಸಿದರು. "ಮೊದಲ ದಿನದ ಸಾಲು ನೆನಪಿದೆಯಾ ಮೇಡಂ?" ಎಂದರು. ಗಿಳಿ ಅಪ್ಪಿಕೊಂಡು ಅತ್ತಳು. ನನಗೆ ಅಳುವೇ ಬರಲಿಲ್ಲ.

ಡಿಸೆಂಬರ್ 12, ಶುಕ್ರವಾರ

ಮಂಗಳವಾರ ಆಸ್ಪತ್ರೆಯಿಂದ ಕರೆ ಬಂತು, ಬುಧವಾರ ಆಪರೇಷನ್ ಆಯಿತು, ನಿನ್ನೆ ಪಟ್ಟಿ ಬಿಚ್ಚಿ ನೋಡಿದರು. ಕಸಿ ಚೆನ್ನಾಗಿ ಕೂತಿದೆ ಎಂದರು ಡಾಕ್ಟರ್. ಇನ್ನೂ ಎಲ್ಲ ಮಂಜು ಮಂಜು. ನಿಧಾನಕ್ಕೆ ತಿಳಿಯಾಗುತ್ತದೆ.

ಇವತ್ತು ಬೆಳಗ್ಗೆ ಮನೆಯಲ್ಲಿ ಕಿಟಕಿಯ ಹತ್ತಿರ ಕೂರಿಸಿ ಮುಖ ಒರೆಸುತ್ತಿದ್ದೆ. ಇವರು ನನ್ನ ಕೈ ಹಿಡಿದು ನಿಲ್ಲಿಸಿದರು. ಬಹಳ ಹೊತ್ತು ನೋಡಿದರು. ಈ ಸಲ ಗೋಡೆಯನ್ನಲ್ಲ, ನನ್ನನ್ನೇ.

"ಏನೇ ಇದು? ಯಾವಾಗ ಹಿಂಗಾದೆ ನೀನು?"

"ಹೆಂಗೆ?"

"ಅರ್ಧಕ್ಕರ್ಧ ಇಳಿದುಹೋಗಿದೀಯ. ಆ ಕೆಲಸದಲ್ಲಿ ಏನು ಮಾಡಿಸ್ಕೊಂಡ್ರೇ ನಿನ್ನ ಕೈಲಿ?"

ಏನಿಲ್ಲ, ಮಂಜಿಗೆ ಹಾಗೆ ಕಾಣಿಸುತ್ತದೆ ಎಂದೆ.

ಡಿಸೆಂಬರ್ 14, ಭಾನುವಾರ

ಸರ್ವೇಯರ್ ಎರಡನೇ ಪೆಟ್ಟಿಗೆ ತಗೊಂಡು ಇಪ್ಪತ್ತೊಂದು ದಿನ. ಇನ್ನು ಒಂಬತ್ತು ದಿನದೊಳಗೆ ವಾಪಸ್ ಮಾಡಬಹುದು. ಈಗ ನನ್ನ ವಾರದಲ್ಲಿ ಕಳೆಯುವವರು ಯಾರೂ ಇಲ್ಲ. ಅದನ್ನು ತಂದು ಅಂಗಡಿಗೆ ಕೊಟ್ಟು ಅವರ ದುಡ್ಡು ಅವರಿಗೆ ತಲುಪಿಸೋಣ ಎಂದು ಹೊರಟೆ. ವಿಳಾಸ ಬಾಯಿಗೇ ಬಂದಿತ್ತು.

ಹಳೆಯ ಮೂರಂತಸ್ತಿನ ಕಟ್ಟಡ, ಕೆಳಗಿನ ಮನೆ. ಭಾನುವಾರ ಮಧ್ಯಾಹ್ನವಲ್ಲವೇ, ಮೊಮ್ಮಕ್ಕಳು ಇರುತ್ತಾರೆ ಎಂದು ಬಿಸ್ಕತ್ತಿನ ಪೊಟ್ಟಣ ಒಯ್ದಿದ್ದೆ. ಒಳಗಿನಿಂದ ಮೊಲ ಜಿಗಿಯುವ ಆಟದ ಸಂಗೀತ ಕೇಳಿಸುತ್ತಿತ್ತು. ಬಾಗಿಲು ತಟ್ಟಿದೆ. ಸಂಗೀತ ನಿಂತಿತು.

ಅವರೇ ತೆಗೆದರು. "ಅಯ್ಯೋ, ಬಾಮ್ಮ, ಬಾ" ಎಂದು ಗಡಿಬಿಡಿಯಲ್ಲಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

ಒಂದೇ ಕೋಣೆ, ಅದರಾಚೆ ಅಡುಗೆಮನೆ. ಗೋಡೆಯ ಮೇಲೆ ಕೈಯಿಂದ ಬರೆದ ಭೂಪಟಗಳು. ಟಿವಿಯ ಮುಂದೆ ಎರಡು ಕುರ್ಚಿಗಳು ಅಕ್ಕಪಕ್ಕ ಇದ್ದವು. ಒಂದೊಂದರ ಮೇಲೆ ಒಂದೊಂದು ಕಂಟ್ರೋಲರ್. ಮಕ್ಕಳು ಕಾಣಲಿಲ್ಲ, ಮಕ್ಕಳ ಚಪ್ಪಲಿಯೂ ಇರಲಿಲ್ಲ. ಪರದೆಯ ಮೇಲೆ ಎರಡು ಮೊಲ ನಿಂತಿದ್ದವು, ಒಂದು ಮುಂದೆ, ಒಂದು ಹಿಂದೆ. ಕುರ್ಚಿಯ ಪಕ್ಕದ ನೋಟುಬುಕ್ಕಿನಲ್ಲಿ ಎರಡು ಸಾಲುಗಳಲ್ಲಿ ಅಂಕಗಳನ್ನು ಬರೆದಿಟ್ಟಿದ್ದರು. ಒಂದರ ಮೇಲೆ "ಹುಡುಗ", ಇನ್ನೊಂದರ ಮೇಲೆ "ಹುಡುಗಿ". ಅದೇ ಮುತ್ತಿನ ಅಕ್ಷರ.

"ಸರ್, ಮಕ್ಕಳು?"

"ನಾನು ಮದುವೇನೇ ಆಗಿಲ್ಲಮ್ಮ" ಎಂದರು.

ನಾನು ಆ ನೋಟುಬುಕ್ಕನ್ನು ಮತ್ತೆ ನೋಡಿದೆ.

"ಅಕ್ಕ ಇದ್ರು, ಈ ವರ್ಷದ ಮೊದಲಲ್ಲಿ ಹೋದ್ರು. ಅವತ್ತು ನೀವು ಹೇಳಿದ್ರಲ್ಲ, ಬಾಗಿಲು ಬಡಿಯೋದು, ಕಿತ್ತಾಡೋದು... ಎಷ್ಟು ಚೆನ್ನಾಗಿ ಹೇಳಿದ್ರಿ. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ. ಆಮೇಲೆ ಗುರು‌ವಾರ ಬಂದಾಗ 'ಬಂದ್ರಾ' ಅಂತ ಕೇಳಿದ್ರಿ. ಬಂದ್ರು ಅಂದೆ. ಆಗ ನಿಮ್ಮ ಮುಖ ಎಷ್ಟು ಗೆಲುವಾಯ್ತು ಗೊತ್ತಾ? ಅದಾದ್ಮೇಲೆ ಪ್ರತಿ ವಾರ ಹೇಳೋಕೆ ಏನಾದ್ರೂ ಬೇಕಾಯ್ತಲ್ಲ. ಅದಕ್ಕೆ ಆಡ್ತಾ ಬಂದೆ. ಈ ಕುರ್ಚಿಯಿಂದ ಸ್ವಲ್ಪ ಹೊತ್ತು, ಆ ಕುರ್ಚಿಯಿಂದ ಸ್ವಲ್ಪ ಹೊತ್ತು."

ಆ ಮೊಮ್ಮಕ್ಕಳ ಕಥೆ ಹೇಳಿ ನಾನು ಎಷ್ಟು ಜನರಿಗೆ ಮಾರಿದೆ? ಇಪ್ಪತ್ತೋ, ಹೆಚ್ಚೋ. ನೆಲದ ಮೇಲೆ ಕೂತುಬಿಟ್ಟೆ. ಹೇಳಿದೆ. ಎಲ್ಲವನ್ನೂ ಹೇಳಿದೆ. ಇವರ ಕಣ್ಣು, ತೊಂಬತ್ತು ದಿನ, ವಾರಕ್ಕೆ ಎಂಟು. ಮೊದಲ ದಿನವೇ ನಿಮಗೆ ಇದು ಬೇಡ ಎಂದು ಗೊತ್ತಿತ್ತು, ಗೊತ್ತಿದ್ದೇ ಮಾರಿದೆ ಎಂದೆ. ಅಳು ಆಗ ಬಂತು. ಎಷ್ಟು ಹೊತ್ತು ಅತ್ತೆನೋ. ಅವರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

"ಈಗ ಅವರಿಗೆ ಎಷ್ಟು ದೂರ ಕಾಣ್ಸುತ್ತೆ?" ಎಂದು ಕೇಳಿದರು ಕೊನೆಗೆ.

"ಕಿಟಕಿವರೆಗೆ ಅಂತಾರೆ ಸರ್."

"ಕೂರೋ ಜಾಗದಿಂದ ಕಿಟಕಿಗೆ ಎಷ್ಟು ಅಡಿ?"

"ಹತ್ತು, ಹನ್ನೆರಡು ಇರಬಹುದು."

"ಹನ್ನೆರಡಡಿ." ತಲೆಯಾಡಿಸಿದರು. "ಸರಿ ಮತ್ತೆ. ಕಡಿಮೆ ಏನಲ್ಲ."

ಎರಡನೇ ಪೆಟ್ಟಿಗೆ ಮಂಚದ ಕೆಳಗಿತ್ತು, ಟೇಪು ಸಹ ಕಿತ್ತಿರಲಿಲ್ಲ. ನಾನೇ ಎಳೆದೆ. ವಾಪಸ್ ಮಾಡಿ ದುಡ್ಡು ತಂದುಕೊಡುತ್ತೇನೆ ಎಂದೆ. ಬೇಡವೆನ್ನಲಿಲ್ಲ. ಬಿಲ್ಲನ್ನು ಫೈಲಿನಿಂದ ತೆಗೆದುಕೊಟ್ಟರು. ಬಾಗಿಲವರೆಗೆ ಬಂದವರು ಅಲ್ಲೇ ನಿಂತರು.

"ಎರಡು ಗುರುವಾರ ಬಂದಿದ್ದೆ ನಾನು. ನಿಮ್ಮ ಜಾಗದಲ್ಲಿ ಫ್ರಿಜ್ ನಿಲ್ಲಿಸಿದಾರೆ. ಎದುರುಗಡೆ ಹುಡುಗೀನ ಕೇಳಿದೆ, ಕೆಲಸ ಹೋಯ್ತು ಅಂದ್ಲು. ಮನೆ ಗೊತ್ತಿಲ್ಲ ಅಂದ್ಲು." ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇನ್ನು ಗುರುವಾರ ನಾನು ಎಲ್ಲಿಗೆ ಬರ್ಲಮ್ಮ?"

ಅವರ ಜೇಬಿನಿಂದಲೇ ಪೆನ್ನು ಕೇಳಿ ಪಡೆದು, ಬಿಸ್ಕತ್ತಿನ ಪೊಟ್ಟಣದ ಹಿಂದೆ ನಮ್ಮ ವಿಳಾಸ ಬರೆದುಕೊಟ್ಟೆ. ಇಳಿಯುವ ಸ್ಟಾಪು ಬರೆದೆ. ಎರಡನೇ ಮಹಡಿ, ಮೆಟ್ಟಿಲಿಗೆ ಕೈಕಂಬಿ ಇದೆ ಎಂದೂ ಬರೆದೆ. ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡು ಎರಡು ಸಲ ಓದಿದರು. "ಹನ್ನೊಂದಕ್ಕೆ" ಎಂದರು.

ಈಗ ಮನೆಯಲ್ಲಿದ್ದೇನೆ. ಇವರು ಕಿಟಕಿಯ ಹತ್ತಿರ ಕೂತು, ಕೆಳಗೆ ಹೋಗುವ ಬಸ್ಸುಗಳ ನಂಬರನ್ನು ಓದಲು ನೋಡುತ್ತಿದ್ದಾರೆ. ತಪ್ಪು ತಪ್ಪು ಓದಿ ತಾವೇ ಬೈದುಕೊಳ್ಳುತ್ತಿದ್ದಾರೆ. ಗುರುವಾರ ಬರುವವರು ಯಾರು ಎಂದು ಇವರಿಗೆ ಹೇಳಬೇಕು. ಯಾರೆಂದು ಹೇಳಬೇಕಾದರೆ ಈ ಕಣ್ಣು ಹೇಗೆ ಬಂತೆಂಬುದನ್ನೂ ಹೇಳಬೇಕು. ನಾಲ್ಕು ದಿನ ಸಮಯವಿದೆ.

ಬೇಡ. ಬಾಗಿಲ ಹತ್ತಿರವಿಟ್ಟ ಆ ಪೆಟ್ಟಿಗೆ ಏನೆಂದು ಇವರು ಆಗಲೇ ಎರಡು ಸಲ ಕೇಳಿದರು. ಹೋಗಿ ಎದುರು ಕೂತು ಈಗಲೇ ಹೇಳುತ್ತೇನೆ.